ಪಳಗಿದ ಕೈಗೂ ಪಾಠ: ಬಂಗಾರಪೇಟೆ–ಕೆಜಿಎಫ್ ಸೀಮೆಯ ಗಣಿ ಮತ್ತು ರಸ್ತೆಯಲ್ಲಿ ಮರುತರಬೇತಿ

ಕೆಲಸ ಬಲ್ಲವರನ್ನೇ ಮತ್ತೆ ಕೂರಿಸಿ, ಅದೇ ಕೆಲಸದ ಅಪಾಯಗಳನ್ನು ಮೊದಲಿನಿಂದ ಹೇಳಿಕೊಡುವ ಪದ್ಧತಿಗೆ ಮರುತರಬೇತಿ ಎಂದು ಹೆಸರು. ಕೋಲಾರ ಜಿಲ್ಲೆಯ ಬಂಗಾರಪೇಟೆ ಮತ್ತು ಕೆಜಿಎಫ್ (ಕೋಲಾರ ಚಿನ್ನದ ಗಣಿ) ಸೀಮೆಯಲ್ಲಿ ಇದಕ್ಕೆ ಎರಡು ಇತಿಹಾಸಗಳಿವೆ. ಗಣಿಯಲ್ಲಿ 1966ರಿಂದ ಇದು ಕಾನೂನಿನ ಕಟ್ಟಳೆ. ನೆಲದಡಿ ಇಪ್ಪತ್ತು ವರ್ಷ ದುಡಿದವರಿಗೂ ವಿನಾಯಿತಿ ಇರಲಿಲ್ಲ. ರಸ್ತೆಯಲ್ಲಿ ಮಾತ್ರ, ಮೋಟಾರ್ ಸೈಕಲ್ ಓಡಿಸುವ ಅನುಭವಸ್ಥರ ಮಟ್ಟಿಗೆ, ಮರುತರಬೇತಿ ಎಂಬ ಮಾತು ಕಾಯಿದೆಗೆ ಸೇರಿದ್ದು 2019ರಲ್ಲಿ. ಅದೂ ತಪ್ಪು ಮಾಡಿ ಲೈಸೆನ್ಸ್ ಕಳೆದುಕೊಂಡವರಿಗೆ. ಎರಡರ ನಡುವೆ 53 ವರ್ಷಗಳ ಅಂತರ. ಗಣಿ ನಡೆದಷ್ಟು ಕಾಲ ಒಂದೇ ಊರಿನ ಜನ, ಎಷ್ಟೋ ಸಲ ಒಂದೇ ಮನೆಯವರು, ಕೆಲಸದ ಜಾಗದಲ್ಲಿ ಒಂದು ನ್ಯಾಯ, ರಸ್ತೆಯಲ್ಲಿ ಇನ್ನೊಂದು ನ್ಯಾಯ ಎಂಬಂತೆ ಬದುಕಿದರು.

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಬೆಳೆದ ಈ ರೈಲು ಊರು ಮದ್ರಾಸ್–ಬೆಂಗಳೂರು ಮಾರ್ಗದ ಮೇಲಿದೆ. 1894ರಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ ಕವಲು ದಾರಿ ಹಾಕಿದಾಗ ಚಿನ್ನದ ಗಣಿಗಳಿಗೆ ಇದೇ ಹೆಬ್ಬಾಗಿಲಾಯಿತು. ಯಂತ್ರ, ಮರ, ಕಲ್ಲಿದ್ದಲು, ಕೂಲಿ ಹುಡುಕಿ ಬಂದ ಕುಟುಂಬಗಳು ಎಲ್ಲವೂ ಇಲ್ಲಿ ಗಾಡಿ ಬದಲಿಸಿ ಗಣಿಗೆ ಹೋದವು. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲಾವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪಡೆದ ಹಕ್ಕು, 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, ಇವೆಲ್ಲ ಸೇರಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಗಣಿಗಳು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿದವು. ಚಾಂಪಿಯನ್ ರೀಫ್ಸ್ ಗಣಿ ಕೊನೆಗೆ 3.2 ಕಿಲೋಮೀಟರಿನಷ್ಟು ಆಳಕ್ಕೆ ಇಳಿದಿತ್ತು.

ಆಳ ಹೆಚ್ಚಿದಂತೆ ಅಪಾಯದ ಸ್ವರೂಪವೂ ಬದಲಾಯಿತು. ಬಂಡೆ ತನ್ನ ಮೇಲಿನ ಭಾರ ತಾಳಲಾರದೆ ಸಿಡಿಯುವುದನ್ನು ಗಣಿಯವರು ಮೊದಲು ಏರ್ ಬ್ಲಾಸ್ಟ್ ಎಂದರು, ಆಮೇಲೆ ರಾಕ್ ಬರ್ಸ್ಟ್ ಎಂದರು. ಊರಿಗಾಂ ಗಣಿಯಲ್ಲಿ 1898ರಲ್ಲೇ ಅದು ದಾಖಲಾಗಿದೆ. ದೊಡ್ಡ ಸಿಡಿತವಾದರೆ ನೆಲದ ಮೇಲೆ ಸಾಲಾಗಿದ್ದ ಕಾರ್ಮಿಕರ ಲೈನ್ ಮನೆಗಳ ಪಾತ್ರೆಗಳೂ ನಡುಗುತ್ತಿದ್ದವು. ಇದರ ಎದುರು ವೈಯಕ್ತಿಕ ಅನುಭವಕ್ಕೆ ಹೆಚ್ಚು ಬೆಲೆ ಇರಲಿಲ್ಲ. ಸಡಿಲ ಕಲ್ಲನ್ನು ಗುರುತಿಸುವ ವಿದ್ಯೆ ಹಳೆಯ ಗಣಿಗಾರರಿಗೆ ಚೆನ್ನಾಗಿ ಗೊತ್ತಿತ್ತು. ಕಬ್ಬಿಣದ ಸಲಾಕೆಯಿಂದ ನೆತ್ತಿಯ ಬಂಡೆಯನ್ನು ಬಡಿದಾಗ ಘಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಬಿಟ್ಟಿದೆ ಎಂದು ಅರ್ಥ. ಆದರೆ ಸಿಡಿಯಲಿರುವ ಬಂಡೆಯೂ ಘಣ್ ಎನ್ನುತ್ತಿತ್ತು. ಹಾಗಾಗಿ ಚಿನ್ನ ತೆಗೆದ ಪೊಳ್ಳುಗಳಲ್ಲಿ ಕೆತ್ತಿದ ಗ್ರಾನೈಟ್ ಕಲ್ಲಿನ ಆಧಾರ ಕಟ್ಟುವುದು ರೂಢಿಗೆ ಬಂತು. 1978ರಲ್ಲಿ ನೆಲದ ಕಂಪನ ಆಲಿಸುವ ಉಪಕರಣಗಳ ಜಾಲ ಬಂತು. 1988ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯನ್ನು ಚಾಂಪಿಯನ್ ರೀಫ್ಸ್‌ನಲ್ಲೇ ಸ್ಥಾಪಿಸಿತು.

ಇನ್ನೊಂದು ಅಪಾಯ ಸದ್ದಿಲ್ಲದ್ದು. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತಿತ್ತು. ಮೈಸೂರು ಸರ್ಕಾರ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. 1940–46ರ ಅವಧಿಯಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂತು. ಸೇವೆಯ ವರ್ಷಗಳು ಹೆಚ್ಚಿದಂತೆ ರೋಗದ ಸಾಧ್ಯತೆ ಏರುತ್ತಿತ್ತು. ಅನುಭವಿಗಳೆಂದರೆ ಸುರಕ್ಷಿತರು ಎಂಬ ಜನರ ನಂಬಿಕೆಯನ್ನು ಇದಕ್ಕಿಂತ ನೇರವಾಗಿ ಸುಳ್ಳು ಮಾಡುವ ಪುರಾವೆ ಸಿಗುವುದು ಕಷ್ಟ. ಒಣ ಕೊರೆತಕ್ಕೆ ಕೈ ಒಗ್ಗಿದವರು ನೀರು ಬಿಟ್ಟು ಕೊರೆಯುವುದನ್ನು ಹೊಸದಾಗಿ ರೂಢಿಸಿಕೊಳ್ಳಬೇಕಿತ್ತು. ಹೊಸಬರಿಗೆ ಇದು ಬೇಗ ಬಂತು. ಹಳಬರಿಗೆ ಹೊತ್ತು ಹಿಡಿಯಿತು.

ಸ್ವಾತಂತ್ರ್ಯಾನಂತರದ ಕಾನೂನುಗಳು ಈ ತಿಳಿವಳಿಕೆಯನ್ನು ನಿಯಮದ ಚೌಕಟ್ಟಿಗೆ ತಂದವು. 1952ರ ಗಣಿ ಕಾಯಿದೆ, ಅದರಡಿ 1961ರ ಲೋಹ ಗಣಿ ನಿಬಂಧನೆಗಳು, ಆಮೇಲೆ 1966ರ ಗಣಿ ವೃತ್ತಿ ತರಬೇತಿ ನಿಯಮಗಳು. ಕೊನೆಯದು ಮೂರು ಮುಖ್ಯ ಮಾತುಗಳನ್ನು ಹೇಳಿತು. ತರಬೇತಿ ಇಲ್ಲದೆ ಯಾರನ್ನೂ ಗಣಿ ಕೆಲಸಕ್ಕೆ ಹಚ್ಚುವಂತಿಲ್ಲ. ಕೆಲಸದಲ್ಲಿರುವವರೂ ಐದು ವರ್ಷಕ್ಕೊಮ್ಮೆಯಾದರೂ ಮರುತರಬೇತಿ ಪಡೆಯಬೇಕು. ತರಬೇತಿಯ ದಿನಗಳಿಗೂ ಕೂಲಿ ಸಲ್ಲಬೇಕು. ಮೂರನೆಯದನ್ನು ಸಣ್ಣ ವಿವರ ಎಂದು ತಳ್ಳಿಹಾಕುವಂತಿಲ್ಲ. ದಿನಗೂಲಿ ಕಳೆದುಕೊಂಡು ಪಾಠ ಕೇಳುವಷ್ಟು ಅನುಕೂಲ ಗಣಿಯ ಯಾವ ಕುಟುಂಬಕ್ಕೂ ಇರಲಿಲ್ಲ.

ಆ ಪಾಠಗಳಲ್ಲಿ ಹೊಸತೇನೂ ಇರುತ್ತಿರಲಿಲ್ಲ ಎನ್ನಬಹುದು. ಸ್ಫೋಟದ ನಂತರ ಹೊಗೆ ಇಳಿಯುವವರೆಗೆ ಕಾಯಬೇಕು. ಹಳೆಯ ಸಿಡಿಗುಳಿಯ ತಳದಲ್ಲಿ ಸಿಡಿಯದ ಮದ್ದು ಉಳಿದಿರಬಹುದು, ಅಲ್ಲಿ ಮತ್ತೆ ಕೊರೆಯಬಾರದು. ಗಣಿಗೆ ಇಳಿಸಿ ಏರಿಸುವ ಕೇಜಿನ ಗಂಟೆಯ ಸಂಕೇತ ತಪ್ಪಬಾರದು. ಇವನ್ನೆಲ್ಲ ಬಲ್ಲವರೇ ಇವನ್ನು ಬಿಡುವುದು. ಪ್ರತಿದಿನ ಬಿಟ್ಟರೂ ಏನೂ ಆಗದ ಮೇಲೆ, ಬಿಡುವುದೇ ಕೆಲಸದ ರೀತಿಯಾಗುತ್ತದೆ. ಮರುತರಬೇತಿಯ ಉದ್ದೇಶ ಈ ಜಾರುವಿಕೆಯನ್ನು ನಿಲ್ಲಿಸುವುದು. ಗಣಿಗಾರಿಕೆಯ ಕಾನೂನು ಇದನ್ನು ಬೇಗ ಗ್ರಹಿಸಿತು. ಗಣಿಯಲ್ಲಿ ಒಬ್ಬನ ಅಜಾಗ್ರತೆ ಇಡೀ ಶಿಫ್ಟನ್ನು ಬಲಿ ತೆಗೆದುಕೊಳ್ಳಬಹುದಾಗಿದ್ದುದೂ ಅದಕ್ಕೆ ಒಂದು ಕಾರಣ.

ರಸ್ತೆಯ ಕಥೆ ಬೇರೆ ದಾರಿ ಹಿಡಿಯಿತು. ಬ್ರಿಟಿಷ್ ಇಂಡಿಯಾದ ಮೊದಲ ಮೋಟಾರು ವಾಹನ ಕಾಯಿದೆ 1914ರದು, ಎರಡನೆಯದು 1939ರದು. ಎರಡೂ ಲೈಸೆನ್ಸನ್ನು ಮುಖ್ಯವಾಗಿ ಅನುಮತಿ ಪತ್ರವಾಗಿ ಕಂಡವು. ಒಮ್ಮೆ ಪರೀಕ್ಷೆ ಪಾಸಾದರೆ ಮುಗಿಯಿತು, ಆಮೇಲೆ ಆಗಾಗ ನವೀಕರಣ. ಮೋಟಾರ್ ಸೈಕಲ್ ಆಗ ಅಧಿಕಾರಿಗಳ, ಸೇನೆಯವರ, ಕೆಲವೇ ಶ್ರೀಮಂತರ ಸೊತ್ತು. ರಸ್ತೆಯಲ್ಲಿ ಎದುರಾಗುತ್ತಿದ್ದದ್ದು ಎತ್ತಿನ ಗಾಡಿ ಮತ್ತು ಸೈಕಲ್. ಗಣಿ ಕಾರ್ಮಿಕರು ಗಣಿಯ ಬಾಯಿಯಾದ ಶಾಫ್ಟಿಗೆ ನಡೆದೇ ಹೋಗುತ್ತಿದ್ದರು. ಅವರ ಲೈನ್ ಮನೆಗಳೂ ಶಾಫ್ಟಿನ ಸುತ್ತಲೇ ಇದ್ದವು.

ಬದಲಾವಣೆ ಶುರುವಾದದ್ದು 1950ರ ದಶಕದ ನಡುವಿನಲ್ಲಿ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿ ಬುಲೆಟ್ ಜೋಡಿಸತೊಡಗಿತು. ಮೈಸೂರಿನಲ್ಲಿ ಫಾರೂಖ್ ಇರಾನಿ ಮತ್ತು ರುಸ್ತುಂ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕುಗಳು ಹೊರಬಂದವು. 1973ರಿಂದ ಅವು ಯೆಜ್ಡಿ ಹೆಸರಿನಲ್ಲಿ ಓಡಿದವು. ಕಾರ್ಖಾನೆ 1996ರಲ್ಲಿ ಮುಚ್ಚಿತು. 1964ರಲ್ಲಿ ಆರಂಭವಾದ, ಭಾರಿ ಯಂತ್ರ ತಯಾರಿಸುವ ಸರ್ಕಾರಿ ಕಂಪನಿ ಬೆಮೆಲ್‌ನ ಘಟಕ ಕೆಜಿಎಫ್‌ನಲ್ಲಿ ತಿಂಗಳ ಸಂಬಳದ ಹೊಸ ವರ್ಗವನ್ನು ಬೆಳೆಸಿತು. ಗಣಿಗಳು 1956ರಲ್ಲಿ ರಾಜ್ಯ ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾದವು. ಮನೆ ಮುಂದೆ ಒಂದು ಗಾಡಿ ನಿಲ್ಲಿಸುವುದು ನಿಧಾನವಾಗಿ ಕೈಗೆಟುಕುವ ಆಸೆಯಾಯಿತು. ಹೊಸೂರಿನಲ್ಲಿ 1980ರಲ್ಲಿ ತಯಾರಾದ ಟಿವಿಎಸ್ 50 ಮೊಪೆಡ್ ಮತ್ತು 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಆ ಆಸೆಯನ್ನು ಹಳ್ಳಿಗಳವರೆಗೆ ಒಯ್ದವು.

ಈ ಗಾಡಿಗಳನ್ನು ಜನ ಕಲಿತ ಬಗೆ ಗಮನಿಸಬೇಕಾದದ್ದು. ಡ್ರೈವಿಂಗ್ ಸ್ಕೂಲುಗಳು ಕಾರು, ಲಾರಿ ಕಲಿಸುತ್ತಿದ್ದವು. ದ್ವಿಚಕ್ರ ವಾಹನ ಕಲಿಸಲು ಅಣ್ಣ, ಚಿಕ್ಕಪ್ಪ ಅಥವಾ ಸ್ನೇಹಿತ ಸಾಕು ಎಂಬುದು ಎಲ್ಲರ ಎಣಿಕೆ. ಜಾಗ ಎಂದರೆ ಶಾಲೆಯ ಮೈದಾನ, ಇಲ್ಲವೇ ಕೋಲಾರ ಸೀಮೆಯಲ್ಲಿ ಬರದ ವರ್ಷಗಳಲ್ಲಿ ಧಾರಾಳವಾಗಿ ಸಿಗುವ ಬತ್ತಿದ ಕೆರೆಯ ಅಂಗಳ. ಹಿಂದೆ ಕೂತವನು ಹೇಳುವುದು ನಾಲ್ಕೇ ಮಾತು. ಕ್ಲಚ್ ನಿಧಾನ ಬಿಡು, ರೇಸ್ ಸ್ವಲ್ಪ ಕೊಡು, ಕಾಲಿನ ಬ್ರೇಕ್ ಒತ್ತು, ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೆಯುತ್ತೆ. ಕೆರೆ ಅಂಗಳದ ಸಡಿಲ ಮಣ್ಣಿನಲ್ಲಿ ಈ ಕೊನೆಯ ಮಾತು ನಿಜವೂ ಹೌದು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಚಕ್ರ ಕಟ್ಟಿಕೊಂಡರೆ ಗಾಡಿ ಮಲಗುತ್ತದೆ. ತೊಂದರೆ ಏನೆಂದರೆ, ಮಣ್ಣಿನಲ್ಲಿ ಕಲಿತ ಪಾಠವನ್ನು ಸವಾರರು ಡಾಂಬರಿಗೂ ಹೊತ್ತು ತಂದರು, ಜೀವನಪೂರ್ತಿ ಅದನ್ನೇ ಪಾಲಿಸಿದರು. ಆಗಿನ ಗಾಡಿಗಳ ಮುಂದಿನ ಡ್ರಮ್ ಬ್ರೇಕು ದುರ್ಬಲವಾಗಿದ್ದು, ಮಳೆಯಲ್ಲಿ ನೆನೆದರೆ ಇನ್ನಷ್ಟು ಸೋಲುತ್ತಿದ್ದುದರಿಂದ, ಆ ಬ್ರೇಕಿನ ಮೇಲಿನ ಅಪನಂಬಿಕೆ ಮತ್ತಷ್ಟು ಗಟ್ಟಿಯಾಯಿತು.

ಆಮೇಲೆ ಎಲ್‌ಎಲ್‌ಆರ್ ಎಂಬ ಕಲಿಕೆಯ ಲೈಸೆನ್ಸ್, ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆ. ಆರ್‌ಟಿಒ ಅಂಗಳದಲ್ಲಿ ಕಾಲು ಊರದೆ ಎಂಟು ಹಾಕಬೇಕು. ಎಂಟು ಹಾಕುವುದು ನಿಧಾನ ವೇಗದ ಸಮತೋಲವನ್ನು ಅಳೆಯುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯ ಪರೀಕ್ಷೆ. ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಬರುವಾಗ ಎದುರಿಗೆ ಟ್ರ್ಯಾಕ್ಟರ್ ಅಡ್ಡ ಬಂದರೆ ಏನು ಮಾಡಬೇಕು ಎಂಬುದನ್ನು ಅದು ಕೇಳುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ಪರೀಕ್ಷೆಯಲ್ಲಿ ನೋಡಬೇಕಾದ ಕೌಶಲಗಳ ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ಅಂಗಳದಲ್ಲಿ ಉಳಿದುಕೊಂಡದ್ದು ಎಂಟು.

ಅನುಭವಸ್ಥರು ಮತ್ತೆ ಕಲಿಯಬೇಕಾದ ಮೊದಲ ಸಂದರ್ಭವನ್ನು ತಂದದ್ದು ಯಂತ್ರಗಳೇ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಜಾವಾದಲ್ಲಿ ಗೇರು ಎಡಕ್ಕೆ, ಕಿಕ್ ಹೊಡೆಯುವುದೂ ಅದೇ ಸನ್ನೆಗೋಲಿನಿಂದ. ಜಪಾನಿ ಮಾದರಿಯ ಹೊಸ ಗಾಡಿಗಳಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಹಳೆಯ ಬಜಾಜ್ ಚೇತಕ್ ಬಗೆಯ ಸ್ಕೂಟರಿನಲ್ಲಿ ಗೇರು ಎಡಗೈ ಮುಷ್ಟಿಯಲ್ಲಿ. ಗೇರಿಲ್ಲದ ಸ್ಕೂಟರಿನಲ್ಲಿ ಹಿಂದಿನ ಬ್ರೇಕು ಎಡಗೈಗೆ ಬಂದು, ಕಾಲಿಗೆ ಕೆಲಸವೇ ಇಲ್ಲ. ಹದಿನೈದು ವರ್ಷ ಬುಲೆಟ್ ಓಡಿಸಿದವರು ಹೀರೋ ಹೋಂಡಾ ಹತ್ತಿದರೆ, ನೆಟ್ಟಗಿನ ರಸ್ತೆಯಲ್ಲಿ ಯೋಚಿಸಿ ಸರಿಯಾಗಿಯೇ ಓಡಿಸುತ್ತಾರೆ. ಹಠಾತ್ತನೆ ಮಗು ಅಡ್ಡ ಬಂದಾಗ ಎಡಗಾಲು ತಾನಾಗಿ ಒತ್ತುತ್ತದೆ, ಗೇರು ಬದಲಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅಭ್ಯಾಸ ಬಲವಾಗಿದ್ದಷ್ಟೂ ಈ ತಪ್ಪು ಬಲವಾಗಿರುತ್ತದೆ. ಅಮೆರಿಕ 1970ರ ದಶಕದ ನಡುವಿನಲ್ಲೇ ಗೇರು ಎಡಕ್ಕೆ, ಬ್ರೇಕು ಬಲಕ್ಕೆ ಎಂದು ಗೊತ್ತುಮಾಡಿತ್ತು. ಇಲ್ಲಿ ಎರಡೂ ಬಗೆಯ ಗಾಡಿಗಳು ದಶಕಗಳ ಕಾಲ ಒಂದೇ ಬೀದಿಯಲ್ಲಿ ಓಡಿದವು. ಗಾಡಿ ಬದಲಿಸಿದವರಿಗೆ ಒಂದು ಗಂಟೆಯ ಪಾಠ ಹೇಳುವ ಏರ್ಪಾಡು ಎಲ್ಲಿಯೂ ಇರಲಿಲ್ಲ.

ಬ್ರೇಕ್ ಹಿಡಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಬಂದಾಗಲೂ ಹೀಗೆಯೇ ಆಯಿತು. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ಚಿಕ್ಕವಕ್ಕೆ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಸಂಯುಕ್ತ ಬ್ರೇಕು. ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕೆಂದು ಹಳಬರು ಕಲಿತಿದ್ದರು. ಎಬಿಎಸ್ ಇರುವ ಗಾಡಿಯಲ್ಲಿ ಗಟ್ಟಿಯಾಗಿ ಹಿಡಿದು ಬಿಡದಿರುವುದೇ ಸರಿ. ಸನ್ನೆಗೋಲು ಕೈಯಲ್ಲಿ ಅದುರಿದಾಗ ಏನೋ ಕೆಟ್ಟಿದೆ ಎಂದು ಬ್ರೇಕ್ ಸಡಿಲಿಸುವವರಲ್ಲಿ ಅನುಭವಿಗಳೂ ಇದ್ದಾರೆ.

ಈ ಸೀಮೆಯ ಸವಾರಿಗೆ ಭಾರವೂ ಒಂದು ಲಕ್ಷಣ. ಹಾಲಿನ ಕ್ಯಾನು, ರೇಷ್ಮೆಗೂಡಿನ ಮೂಟೆ, ಹಿಪ್ಪುನೇರಳೆ ಸೊಪ್ಪಿನ ಕಂತೆ, ಟೊಮೆಟೊ ಕ್ರೇಟು ಎಲ್ಲವೂ ಮೊಪೆಡ್ ಮೇಲೆಯೇ ಡೇರಿಗೆ, ಮಾರುಕಟ್ಟೆಗೆ ಹೋಗುತ್ತವೆ. ಹಿಂದೆ ಭಾರ ಹೇರಿದ ಗಾಡಿಯ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲೆದಾಡುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ, ಕ್ಯಾನಿನಲ್ಲಿ ಅರ್ಧ ಹಾಲಿದ್ದರೆ ತಿರುವಿನಲ್ಲಿ ಅದು ಕುಲುಕಿ ಗಾಡಿಯನ್ನು ಎಳೆಯುತ್ತದೆ. ರೈತರು ಇದನ್ನು ಮೈಯಿಂದ ಕಲಿತಿದ್ದಾರೆ. ಪಾಠವಾಗಿ ಅವರಿಗೆ ಯಾರೂ ಇದನ್ನು ಹೇಳಿಕೊಟ್ಟಿಲ್ಲ ಎಂಬುದು ದೊಡ್ಡ ಕೊರತೆ.

2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಆಮೇಲೆ ಕೆಜಿಎಫ್ ಮತ್ತು ಬಂಗಾರಪೇಟೆಯ ಸಾವಿರಾರು ಮಂದಿ ದಿನವೂ ಬೆಂಗಳೂರಿಗೆ ಹೋಗಿಬರುವ ಜನರಾದರು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಿಂದ ಹೊರಡುವ ರೈಲು ಬೆಳಕು ಹರಿಯುವ ಮೊದಲೇ ತುಂಬುತ್ತದೆ. ಆ ರೈಲು ಹಿಡಿಯಲು ಸುತ್ತಲಿನ ಊರುಗಳಿಂದ ಬೈಕುಗಳು ಧಾವಿಸುತ್ತವೆ, ರಾತ್ರಿ ದಣಿದ ಮೈ ಹೊತ್ತು ಅದೇ ಬೈಕುಗಳು ಮರಳುತ್ತವೆ. ಕತ್ತಲು, ಅವಸರ, ನಿದ್ದೆಗೆಟ್ಟ ಕಣ್ಣು ಮೂರೂ ಸೇರುವ ಸವಾರಿ ಇದು. ದಾರಿಯಲ್ಲಿ ಹಿಂದಿನ ದೀಪವಿಲ್ಲದ ಟ್ರೇಲರ್, ಬಣ್ಣ ಬಳಿಯದ ಹಂಪ್, ಗ್ರಾನೈಟ್ ಲಾರಿಯಿಂದ ಉದುರಿದ ಜಲ್ಲಿ. ಗಣಿಯಲ್ಲಿ ಶಿಫ್ಟಿಗೆ ಮುನ್ನ ಸುರಕ್ಷತೆ ನೋಡಿಕೊಳ್ಳಲು ಮೇಸ್ತ್ರಿ ಇದ್ದ, ಇನ್‌ಸ್ಪೆಕ್ಟರ್ ಇದ್ದ, ತರಬೇತಿ ಕೇಂದ್ರ ಇತ್ತು. ರಸ್ತೆಯಲ್ಲಿ ಅವರಾರೂ ಇಲ್ಲ. ಈ ಸೀಮೆಯ ಕೆಎ 08 ನಂಬರಿನ ಗಾಡಿಗಳು ಹೆಚ್ಚಿದ ವೇಗಕ್ಕೆ ಸರಿಸಮನಾಗಿ ಕಲಿಕೆಯ ವ್ಯವಸ್ಥೆ ಬೆಳೆಯಲಿಲ್ಲ. ಜಿಲ್ಲೆ ಗಾಡಿಗಳನ್ನು ಕೊಳ್ಳುವುದಷ್ಟೇ ಅಲ್ಲ, ತಯಾರಿಸುವುದಕ್ಕೂ ತೊಡಗಿತು. 2013ರಲ್ಲಿ ಕೋಲಾರದ ಬಳಿ ನರಸಾಪುರದಲ್ಲಿ ಹೋಂಡಾ ತನ್ನ ಮೂರನೆಯ ಭಾರತೀಯ ಕಾರ್ಖಾನೆ ತೆರೆಯಿತು.

ಅನುಭವಿ ಸವಾರರಿಗೆ ನಿಜವಾಗಿ ಏನು ಬರುವುದಿಲ್ಲ ಎಂಬುದನ್ನು ಮೊದಲ ಬಾರಿ ವಿವರವಾಗಿ ತೋರಿಸಿದ್ದು ದೂರದ ಲಾಸ್ ಏಂಜಲೀಸಿನ ಒಂದು ಅಧ್ಯಯನ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ತಂಡ 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ ಪರಿಶೀಲಿಸಿ, 1981ರಲ್ಲಿ ವರದಿ ಪ್ರಕಟಿಸಿತು. ಅಪಘಾತಕ್ಕೆ ಸಿಕ್ಕವರಲ್ಲಿ ನೂರಕ್ಕೆ 92 ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಸ್ನೇಹಿತರಿಂದ ಕಲಿತವರು. ಹೆಚ್ಚಿನವರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಚಕ್ರ ಜಾರಿಸಿದ್ದರು, ಮುಂದಿನದನ್ನು ಸಾಲದಷ್ಟು ಹಿಡಿದಿದ್ದರು. ಅಪಾಯ ಕಂಡ ಗಳಿಗೆಯಿಂದ ಡಿಕ್ಕಿಯವರೆಗೆ ಸಿಕ್ಕ ಸಮಯ ಎರಡು ಸೆಕೆಂಡಿಗೂ ಕಡಿಮೆ. ತಪ್ಪಿಸಿಕೊಳ್ಳಲು ಗಾಡಿಯನ್ನು ಬದಿಗೆ ಎಳೆಯುವ ಕೌಶಲ ಬಹುತೇಕ ಯಾರಲ್ಲೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಈ ಚಿತ್ರ ಕೋಲಾರದ ಕೆರೆ ಅಂಗಳದಲ್ಲಿ ಕಲಿತವರಿಗೂ ಅಚ್ಚುಕಟ್ಟಾಗಿ ಒಪ್ಪುತ್ತದೆ, ಕಲಿಸಿದ ರೀತಿ ಒಂದೇ ಆಗಿದ್ದರಿಂದ.

ಬ್ರೇಕಿನ ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ನೆಲಕ್ಕೆ ಒತ್ತಿಕೊಂಡು ಹಿಡಿತ ಹೆಚ್ಚಿಸಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಗಟ್ಟಿಯಾಗಿ ನಿಲ್ಲಿಸುವಾಗ ಸುಮಾರು ಮುಕ್ಕಾಲು ಪಾಲು ಕೆಲಸ ಮುಂದಿನದೇ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಸಾಗುತ್ತದೆ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಎರಡೂ ಬ್ರೇಕ್ ಚೆನ್ನಾಗಿ ಬಳಸಿದರೆ, ಹಿಡಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲಬಹುದು. ಹಿಂದಿನದನ್ನು ಮಾತ್ರ ಒತ್ತಿದರೆ ಸುಮಾರು 40 ಮೀಟರ್ ಬೇಕು. ಮೊದಲ ಗಾಡಿ ನಿಂತ ಜಾಗವನ್ನು ಎರಡನೆಯದು ದಾಟುವಾಗ ಅದರ ವೇಗ ಇನ್ನೂ 42 ಕಿ.ಮೀ. ಇರುತ್ತದೆ. ಅಡ್ಡ ನಿಂತ ಟ್ರೇಲರಿಗೆ ಆ ವೇಗದಲ್ಲಿ ಬಡಿಯುವುದಕ್ಕೂ, ಅದರ ಮುಂದೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಬಲಗೈಯ ನಾಲ್ಕು ಬೆರಳುಗಳಲ್ಲಿದೆ.

ಆದ್ದರಿಂದಲೇ ಅನುಭವಿಗಳಿಗಾಗಿ ನಡೆಯುವ ಕೋರ್ಸುಗಳಲ್ಲಿ ಬೆಳಗಿನ ಹೊತ್ತಿನ ಬಹುಪಾಲು ಬ್ರೇಕಿಗೇ ಹೋಗುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದು, ಗುರುತು ಹಾಕಿದ ಗೆರೆಯಲ್ಲಿ ಬ್ರೇಕ್ ಹಿಡಿಯಬೇಕು. ಬೆರಳುಗಳು ಸನ್ನೆಗೋಲನ್ನು ಕಿತ್ತುಕೊಳ್ಳುವಂತೆ ಹಿಡಿಯಬಾರದು, ಮೊದಲು ಮೆಲ್ಲಗೆ ಹಿಡಿದು, ಮುಂದಿನ ಶಾಕ್ ಕುಗ್ಗಿದ ಮೇಲೆ ಒತ್ತಡ ಹೆಚ್ಚಿಸಬೇಕು. ಕಣ್ಣು ನೆಲದ ಮೇಲಿರದೆ ದೂರದಲ್ಲಿರಬೇಕು. ವೇಗ ಏರಿಸುತ್ತ ಇದನ್ನೇ ಹತ್ತಾರು ಬಾರಿ ಮಾಡಿಸಲಾಗುತ್ತದೆ. ಹೊಸಬರು ಹೇಳಿದ್ದನ್ನು ಮಾಡುತ್ತಾರೆ. ಇಪ್ಪತ್ತು ವರ್ಷ ಓಡಿಸಿದವರ ಬಲಗಾಲು ಕೈಗಿಂತ ಮುಂಚೆ ಒತ್ತಿಬಿಡುತ್ತದೆ, ಹಿಂದಿನ ಚಕ್ರ ಕರ್ರನೆ ಜಾರುತ್ತದೆ, ಮತ್ತೆ ಗೆರೆಯ ಹಿಂದಕ್ಕೆ ಹೋಗಬೇಕು. ಈ ಮರಳಿ ಮರಳಿ ಹೋಗುವುದರಲ್ಲೇ ಕೋರ್ಸಿನ ಸಾರವಿದೆ, ತರಗತಿಯ ಭಾಷಣದಲ್ಲಿಲ್ಲ.

ತಿರುಗುವ ವಿಷಯವೂ ಹಾಗೆಯೇ. ನಡಿಗೆಯ ವೇಗ ಮೀರಿದ ಮೇಲೆ ಬೈಕು ಎಡಕ್ಕೆ ವಾಲಬೇಕಾದರೆ ಹ್ಯಾಂಡಲಿನ ಎಡ ತುದಿಯನ್ನು ಮುಂದಕ್ಕೆ ತಳ್ಳಬೇಕು. ಪ್ರತಿ ಸವಾರನೂ ಇದನ್ನು ಅರಿವಿಲ್ಲದೆ ಮಾಡುತ್ತಿರುತ್ತಾನೆ. ಗಾಬರಿಯಾದಾಗ ಮಾತ್ರ ಹ್ಯಾಂಡಲನ್ನು ಅಪಾಯದಿಂದ ಆಚೆಗೆ ತಿರುಗಿಸಲು ಹೋಗಿ, ಗಾಡಿಯನ್ನು ಅಪಾಯದ ಕಡೆಗೇ ವಾಲಿಸುತ್ತಾನೆ. ಗೊತ್ತಿಲ್ಲದೆ ಮಾಡುತ್ತಿದ್ದುದನ್ನು ಗೊತ್ತಿದ್ದು ಮಾಡುವಂತಾಗಿಸುವುದು ಮರುತರಬೇತಿಯ ಅತ್ಯಂತ ಬೆಲೆಬಾಳುವ ಭಾಗ. ಗುಂಡಿ ತಪ್ಪಿಸಬೇಕಾದರೆ ಗುಂಡಿಯನ್ನು ನೋಡದೆ ಹೋಗಬೇಕಾದ ಜಾಗವನ್ನು ನೋಡು ಎಂಬ ಪಾಠವೂ ಇದರ ಜೊತೆಗಿದೆ.

ತಲೆಯ ರಕ್ಷಣೆಯ ಇತಿಹಾಸದಲ್ಲೂ ಗಣಿಯೇ ಮುಂದೆ. ಗಣಿಯ ನಿಬಂಧನೆಗಳು ಹೆಲ್ಮೆಟ್ ಮತ್ತು ರಕ್ಷಣಾ ಬೂಟುಗಳನ್ನು ಕೆಲಸದ ಷರತ್ತಾಗಿಸಿದವು. ರಸ್ತೆಗೆ ಹೆಲ್ಮೆಟ್ ತಂದವರಲ್ಲಿ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಮುಖ್ಯರು. 1935ರಲ್ಲಿ ಬೈಕಿನಿಂದ ಬಿದ್ದ, ಬ್ರಿಟಿಷ್ ಸೇನೆಯ ಹೆಸರಾಂತ ಅಧಿಕಾರಿಯಾಗಿದ್ದ ಟಿ.ಇ. ಲಾರೆನ್ಸ್ ಅವರ ಚಿಕಿತ್ಸೆಯಲ್ಲಿ ಪಾಲ್ಗೊಂಡಿದ್ದ ಅವರು, ಯುದ್ಧಕಾಲದಲ್ಲಿ ಸೇನೆಯ ಸುದ್ದಿವಾಹಕ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು. ಬ್ರಿಟಿಷ್ ಸೇನೆ ಅದೇ ವರ್ಷ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಂ ಇದನ್ನು ಹೇಳುತ್ತದೆ. ಕರ್ನಾಟಕದಲ್ಲಿ ಬಿಗಿಯಾದ ಜಾರಿ ಹೊಸ ಶತಮಾನದಲ್ಲಿ, ಮೊದಲು ದೊಡ್ಡ ನಗರಗಳಲ್ಲಿ ನಡೆಯಿತು. ಹಿಂದೆ ಕೂರುವವರಿಗೂ ಕಡ್ಡಾಯವಾದದ್ದು 2016ರ ಜನವರಿಯಲ್ಲಿ.

ಅನುಭವಿಗಳಿಗೆ ಪಾಠ ಎಂಬ ಕಲ್ಪನೆ ರಸ್ತೆಯಲ್ಲಿ ಮೊದಲು ಬೇರೂರಿದ್ದು ಪೊಲೀಸರಲ್ಲಿ. ಲಂಡನ್ನಿನ ಹೆಂಡನ್‌ನಲ್ಲಿ 1930ರ ದಶಕದಲ್ಲಿ ಪೊಲೀಸ್ ಚಾಲಕರಿಗಾಗಿ ಶಾಲೆ ತೆರೆಯಲಾಯಿತು. ಅಮೆರಿಕದಲ್ಲಿ 1973ರಲ್ಲಿ ಬೈಕ್ ತಯಾರಕರು ಸೇರಿ ಮೋಟಾರ್ ಸೈಕಲ್ ಸೇಫ್ಟಿ ಫೌಂಡೇಶನ್ ಕಟ್ಟಿದರು. ಹೊಸಬರ ಕೋರ್ಸಿನ ಜೊತೆಗೆ ಅನುಭವಿಗಳ ಪ್ರತ್ಯೇಕ ಕೋರ್ಸನ್ನೂ ಅದು ರೂಪಿಸಿತು. ಕೀತ್ ಕೋಡ್ 1980ರಲ್ಲಿ ಆರಂಭಿಸಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಶಾಲೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೂ ಬಂದಿದೆ. ಅದರ ಶುಲ್ಕವೂ, ಅಲ್ಲಿ ಬೇಕಾಗುವ ಗಾಡಿಯೂ ದುಬಾರಿ. ಹಾಲಿನ ಕ್ಯಾನು ಹೊತ್ತ ಸವಾರನಿಗೆ ಅದು ಎಟುಕುವಂಥದ್ದಲ್ಲ.

ಕೋರ್ಸು ಮಾಡಿದವರೆಲ್ಲ ಸುರಕ್ಷಿತರೇ ಎಂದರೆ ಪುರಾವೆ ಅಷ್ಟು ಸರಳವಾಗಿಲ್ಲ. ಬೈಕ್ ತರಬೇತಿಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ, ತರಬೇತಿಯಿಂದ ಅಪಘಾತ ಇಳಿಯುತ್ತದೆಂದು ಖಚಿತವಾಗಿ ಹೇಳಲು ಒಳ್ಳೆಯ ಗುಣಮಟ್ಟದ ಆಧಾರ ಸಾಲದು ಎಂದಿತು. ನಾರ್ವೆಯಲ್ಲಿ ಜಾರುವ ನೆಲದ ಮೇಲೆ ಕಾರು ಹತೋಟಿ ಕಲಿತ ಯುವಕರಲ್ಲಿ ಅಪಘಾತ ಹೆಚ್ಚಿದ ಉದಾಹರಣೆಯೂ ಇದೆ. ಕಲಿತ ಕೌಶಲಕ್ಕಿಂತ ಆತ್ಮವಿಶ್ವಾಸ ಹೆಚ್ಚು ಬೆಳೆದದ್ದೇ ಕಾರಣ. ಹಾಗಾಗಿ ಕೈಚಳಕವನ್ನಷ್ಟೇ ಕಲಿಸುವ ಕೋರ್ಸಿಗಿಂತ, ಅಪಾಯವನ್ನು ಮೊದಲೇ ಊಹಿಸಿ ವೇಗ ಇಳಿಸುವುದನ್ನು ಕಲಿಸುವ ಕೋರ್ಸು ಮೇಲು. ಐದು ವರ್ಷಕ್ಕೊಮ್ಮೆ ಮತ್ತೆ ಕರೆಯುವ ಗಣಿಯ ಕ್ರಮ ಒಮ್ಮೆ ಮಾತ್ರ ನಡೆಯುವ ಕೋರ್ಸಿಗಿಂತ ಇನ್ನೂ ಮೇಲು.

ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಬಂದದ್ದು ಅದಕ್ಕೂ ಮೊದಲಿನ ವರ್ಷಗಳ ಇಂಥ ಅಂಕಿಗಳ ಹಿನ್ನೆಲೆಯಲ್ಲೇ. ಅದು 1988ರ ಕಾಯಿದೆಯ 19ನೇ ಕಲಮಿಗೆ ಒಂದು ಹೊಸ ಮಾತು ಸೇರಿಸಿತು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಮೂವರು ಕೂರುವುದು, ಹೆಲ್ಮೆಟ್ ಇಲ್ಲದಿರುವುದು ಮೊದಲಾದ ತಪ್ಪುಗಳಿಗೆ ಲೈಸೆನ್ಸ್ ವಶವಾದರೆ, ಚಾಲಕ ಮರುತರಬೇತಿ ಕೋರ್ಸ್ ಯಶಸ್ವಿಯಾಗಿ ಮುಗಿಸಿದ ಮೇಲೆಯೇ ಅದು ಹಿಂದಿರುಗಬೇಕು. ಕೋರ್ಸ್ ನಡೆಸಬಲ್ಲ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮಗಳು 2021ರ ಜುಲೈ 1ರಿಂದ ಜಾರಿಗೆ ಬಂದವು. ಆಚರಣೆಯಲ್ಲಿ ದಂಡ ಕಟ್ಟಿಸಿಕೊಂಡು ಕಳಿಸುವುದೇ ಹೆಚ್ಚು. ಕಾಯಿದೆಯ ಈ ಭಾಗ ಪೂರ್ತಿ ಬಳಕೆಗೆ ಬಂದಿಲ್ಲ.

ತಪ್ಪು ಮಾಡದ ಅನುಭವಿ ಸವಾರರಿಗೆ ಕಾನೂನು ಇಂದಿಗೂ ಏನನ್ನೂ ಹೇಳುವುದಿಲ್ಲ. ಲೈಸೆನ್ಸ್ ಅವಧಿ ಮುಗಿದಾಗ ಅರ್ಜಿ, ಶುಲ್ಕ, ಫೋಟೊ, ನಲವತ್ತು ದಾಟಿದವರಿಗೆ ವೈದ್ಯರ ಪ್ರಮಾಣಪತ್ರ ಇವಿಷ್ಟು ಸಾಕು, ಗಾಡಿ ಹತ್ತಬೇಕಾಗಿಲ್ಲ. ಅವಧಿ ಮುಗಿದು ಒಂದು ವರ್ಷಕ್ಕಿಂತ ಹೆಚ್ಚು ತಡವಾದರೆ ಮಾತ್ರ ಮತ್ತೆ ಪರೀಕ್ಷೆ ಕೊಡಬೇಕು. 2019ಕ್ಕೆ ಮೊದಲು ಈ ಗಡುವು ಐದು ವರ್ಷವಿತ್ತು.